ಅಂಗಡಿ ಮುಂಗಟ್ಟು: ಗ್ರಾಮದ ಅಂಗಡಿಯ ವಾಸ್ತುವನ್ನು ಕುರಿತ ಒಂದು ವಿಮರ್ಶೆ

೧

ಹಾಸನದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕೆಲವು ಮೈಲಿ ಪೂರ್ವಕ್ಕೆ ಬಂದರೆ ಶಾಂತಿಗ್ರಾಮ ಸಿಕ್ಕುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿಯ ಹೆಸರಿನೊಡನೆ ಈ ಊರಿನ ಹೆಸರನ್ನು ಕೂಡಿಸಿ ಹೇಳುವುದು ರೂಢಿ. ಇತಿಹಾಸದ ವಿದ್ಯಾರ್ಥಿಗಳು ಇಲ್ಲಿಗೆ ಬರುವುದು ಭೋಗನರಸಿಂಹ ದೇವಾಲಯವನ್ನು ನೋಡುವುದಕ್ಕೆ. ಗುಡಿಯ ತಳವಿನ್ಯಾಸವನ್ನು ಬರೆದುಕೊಳ್ಳುತ್ತಾರೆ, ಕಂಬಗಳನ್ನು ಎಣಿಸುತ್ತಾರೆ, ಶಾಸನವಿದ್ದರೆ ಅದರ ಮುಂದೆ ಕುಳಿತು ಅಕ್ಷರಗಳನ್ನು ಬಿಡಿಸುತ್ತಾರೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಇಂಥ ಊರುಗಳಿಗೆ ಹೋದಾಗಲೆಲ್ಲ ನಾವೂ ಹಾಗೆಯೇ ಮಾಡಿದ್ದೇವೆ. ಗುಡಿಗೆ ಹೋಗುವ ದಾರಿ ಅಂಗಡಿ ಬೀದಿಯ ಮೇಲೆಯೇ ಹಾದುಹೋಗುತ್ತದೆಂಬುದೂ, ಆ ಬೀದಿಯ ಇಕ್ಕೆಲಗಳಲ್ಲಿ ಇರುವುದೂ ಕಟ್ಟಡಗಳೇ ಎಂಬುದೂ ನಮ್ಮ ಗಮನಕ್ಕೆ ಬಂದುದು ಬಹಳ ತಡವಾಗಿ.

ಇದು ನಮ್ಮೊಬ್ಬರ ತಪ್ಪಲ್ಲ. ಈ ಸೀಮೆಯ ವಾಸ್ತುಶಿಲ್ಪವನ್ನು ಕುರಿತು ನಾವು ಓದಿ ಬೆಳೆದ ಗ್ರಂಥಗಳು ನಮ್ಮ ಕಣ್ಣನ್ನು ಹಾಗೆ ತಿದ್ದಿವೆ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ೧೯೦೨ರಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ೧೯೧೭ರಲ್ಲಿಯೂ, ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ದೇವಾಲಯಗಳನ್ನು ಕುರಿತು ೧೯೧೯ರಲ್ಲಿಯೂ ಪ್ರತ್ಯೇಕ ಗ್ರಂಥಗಳನ್ನು ಬರೆದರು. ಇವು ನಮಗೆ ಇಂದಿಗೂ ಆಧಾರ. ಆದರೆ ಈ ಪರಂಪರೆಯಲ್ಲಿ ವಾಸ್ತು ಎಂದರೆ ದೇವಾಲಯ. ಅದರ ಆಚೆಗೆ ಹೋದರೆ ಕೋಟೆ, ಕೆರೆ, ಅರಮನೆ. ಜನ ದಿನವೂ ಹತ್ತಿ ಇಳಿದ ಕಟ್ಟಡವಾದ ಅಂಗಡಿಗೆ ಅಲ್ಲಿ ಒಂದು ಅಧ್ಯಾಯವಿರಲಿ, ಒಂದು ನಕ್ಷೆಯೂ ದೊರೆಯುವುದು ದುರ್ಲಭ.

ಗ್ರಾಮದ ಅಂಗಡಿಗೂ ವಾಸ್ತುವಿಮರ್ಶೆಗೆ ನಿಲ್ಲತಕ್ಕ ಒಂದು ರೂಪವುಂಟು. ಆ ರೂಪದ ಸತ್ತ್ವವಿರುವುದು ಅದರ ಮುಂಭಾಗದಲ್ಲಿ. ಇಂದು ಮೊದಲು ನಾಶವಾಗುತ್ತಿರುವುದೂ ಆ ಮುಂಭಾಗವೇ. ಇಷ್ಟನ್ನು ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಮಾತನ್ನು ಪರಿಶೀಲಿಸೋಣ. ಅಂಗಡಿ ಎಂಬುದು ದ್ರಾವಿಡ ಭಾಷೆಗಳ ಹಳೆಯ ಶಬ್ದ. ಪ್ರಾಚೀನ ತಮಿಳು ಕಾವ್ಯವಾದ ಶಿಲಪ್ಪದಿಕಾರದಲ್ಲಿ ಪುಹಾರ್ ಪಟ್ಟಣದ ಹಗಲಂಗಡಿ ಇರುಳಂಗಡಿಗಳಿಗೆ ಬೇರೆ ಬೇರೆ ಹೆಸರುಗಳೇ ಇವೆ. ನಮ್ಮ ನಾಡಿನಲ್ಲಿ ಅಂಗಡಿಯಿಂದ ಊರಿಗೆ ಹೆಸರು ಬಂದಿರುವ ನಿದರ್ಶನಗಳು ಹಲವು: ಬೆಳ್ತಂಗಡಿ, ಉಪ್ಪಿನಂಗಡಿ, ಹಳೆಯಂಗಡಿ, ಕಾಸರಗೋಡಿನ ಹೊಸಂಗಡಿ. ಹೊಯ್ಸಳರ ಮೂಲಸ್ಥಾನವೆಂದು ಪ್ರಸಿದ್ಧವಾದ ಸೊಸೆವೂರು ಇಂದು ಮೂಡಿಗೆರೆ ತಾಲ್ಲೂಕಿನಲ್ಲಿ ಅಂಗಡಿ ಎಂಬ ಹೆಸರಿನಿಂದಲೇ ಇದೆ. ರಾಜವಂಶದ ಹೆಸರನ್ನು ಮರೆತ ಜನ ಅಂಗಡಿಯ ಹೆಸರನ್ನು ಉಳಿಸಿಕೊಂಡರು.

ಆದರೆ ನಮಗೆ ಹೆಚ್ಚು ಪ್ರಯೋಜನಕ್ಕೆ ಬರುವುದು ಒಂದು ಜೋಡುನುಡಿ. ಕನ್ನಡದಲ್ಲಿ ಬರಿಯ ಅಂಗಡಿ ಎನ್ನದೆ ಅಂಗಡಿ ಮುಂಗಟ್ಟು ಎನ್ನುತ್ತೇವೆ. ಮುಂಗಟ್ಟು ಎಂದರೆ ಮುಂದಿನ ಕಟ್ಟು. ಎರಡು ಕಟ್ಟಿನ ಮನೆ, ಮೂರು ಕಟ್ಟಿನ ಮನೆ, ಹಿಂಗಟ್ಟು ಎಂದು ಮುಂತಾಗಿ ಹೇಳುವಾಗ ಕಟ್ಟು ಎಂಬುದಕ್ಕೆ ಕಟ್ಟಡದ ಒಂದು ಭಾಗವೆಂಬ ಅರ್ಥ ಸ್ಪಷ್ಟವಾಗಿಯೇ ಇದೆ. ಮನೆಗೆ ಮುಂಗಟ್ಟೂ ಉಂಟು, ಹಿಂಗಟ್ಟೂ ಉಂಟು. ಅಂಗಡಿಯ ಜೊತೆಗೆ ಮಾತ್ರ ರೂಢಿಯಲ್ಲಿ ಮುಂಗಟ್ಟು ಒಂದೇ ನಿಂತಿದೆ. ಬಳಕೆಯ ಭಾಷೆ ಇಲ್ಲಿ ಒಂದು ವಾಸ್ತುಸತ್ಯವನ್ನು ಹಿಡಿದಿದೆಯೆಂದು ನಾವು ಭಾವಿಸುತ್ತೇವೆ. ಗ್ರಾಮದ ಅಂಗಡಿಯೆಂಬುದು ಸಾಮಾನ್ಯವಾಗಿ ಬೇರೆಯಾಗಿ ನಿಂತ ಕಟ್ಟಡವಲ್ಲ. ಅದು ವಾಸದ ಮನೆಯ ಮುಂದಿನ ಕಟ್ಟು ಬೀದಿಗೆ ತೆರೆದುಕೊಂಡ ಬಗೆ. ಹಿಂದೆ ನಡುಮನೆ, ಅಡುಗೆಮನೆ, ಹಿತ್ತಿಲು ಎಂದಿನಂತೆ ಇರುತ್ತವೆ. ಮನೆಯನ್ನು ಅಂಗಡಿಯಾಗಿ ಮಾಡುವುದು ಮುಂದಿನ ಕೆಲವೇ ಅಡಿಗಳ ಆಳ.

೩

ಹೊಯ್ಸಳರ ಕಾಲದಲ್ಲಿ ಈ ಸೀಮೆಯಲ್ಲಿ ವ್ಯಾಪಾರ ಎಷ್ಟು ಬಲವಾಗಿತ್ತೆಂಬುದಕ್ಕೆ ಶಾಸನಗಳೇ ಸಾಕ್ಷಿ. ಅಂಗಡಿದೆರೆ, ಗಾಣದೆರೆ, ಮಗ್ಗದೆರೆ ಮೊದಲಾದ ತೆರಿಗೆಗಳು ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನಕರ, ಪಟ್ಟಣಸ್ವಾಮಿ, ವಡ್ಡವ್ಯವಹಾರಿ ಮುಂತಾದ ಹೆಸರುಗಳು ವರ್ತಕರ ಸಂಘಟನೆಯನ್ನೂ ಗೌರವವನ್ನೂ ಸೂಚಿಸುತ್ತವೆ. ಹಾಸನ ತಾಲ್ಲೂಕಿನಲ್ಲಿಯೇ ಇರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು ಕ್ರಿ. ಶ. ೧೧೧೪ರ ಸುಮಾರಿನಲ್ಲಿ ಕಟ್ಟಿಸಿದವರು ವರ್ತಕನಾದ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನಗರ ಜಿನಾಲಯವನ್ನು ೧೨ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಗದೇವ, ಇಮ್ಮಡಿ ಬಲ್ಲಾಳನ ಕಾಲದ ಪಟ್ಟಣಸ್ವಾಮಿ. ಆ ಬಸದಿಯ ಹೆಸರೇ ಅದನ್ನು ನೋಡಿಕೊಂಡ ವರ್ತಕ ಸಮುದಾಯದಿಂದ ಬಂದದ್ದು.

ಇಲ್ಲಿ ಒಂದು ವಿಚಿತ್ರವಾದ ಅಸಮತೆ ಎದ್ದು ಕಾಣುತ್ತದೆ. ವರ್ತಕನ ಧನ ಗುಡಿಯಾಗಿ ಉಳಿಯಿತು. ಆ ಧನ ಹುಟ್ಟಿದ ಅಂಗಡಿ ಉಳಿಯಲಿಲ್ಲ. ಕಾರಣ ಸರಳವಾದುದು. ದೇವರ ಮನೆಗೆ ಕಲ್ಲು, ಮನುಷ್ಯರ ಮನೆಗೆ ಮಣ್ಣು ಮತ್ತು ಮರ ಎಂಬ ಭೇದವನ್ನು ಆ ಕಾಲದವರು ಪಾಲಿಸಿದರು. ಮಣ್ಣಿನ ಗೋಡೆ ಮಳೆಗೆ ಕರಗುತ್ತದೆ, ಮರವನ್ನು ಗೆದ್ದಲು ತಿನ್ನುತ್ತದೆ, ಉಳಿದ ತೊಲೆಯನ್ನು ಮೊಮ್ಮಗ ಇನ್ನೊಂದು ಮನೆಗೆ ಬಳಸುತ್ತಾನೆ. ಆದ್ದರಿಂದ ೧೨ನೆಯ ಶತಮಾನದ ಅಂಗಡಿಯನ್ನು ಹುಡುಕಿ ಅಳೆಯುವೆವೆಂಬ ಆಸೆಯನ್ನು ನಾವು ಇಟ್ಟುಕೊಂಡಿಲ್ಲ. ಶಾಸನದ ಅಂಗಡಿಗೂ ಇಂದು ಬೀದಿಯಲ್ಲಿ ಕಾಣುವ ಹಳೆಯ ಅಂಗಡಿಗೂ ನೇರವಾದ ವಂಶಾವಳಿಯನ್ನು ಕಟ್ಟುವುದೂ ಸಾಹಸವಾದೀತು. ಆದರೆ ನಡುವಿನ ಕಾಲದಲ್ಲಿ ಒಂದು ಕಡೆ ಅಂಗಡಿಯನ್ನೇ ಕಲ್ಲಿನಲ್ಲಿ ಕಟ್ಟಿದರು. ಅದು ನಮ್ಮ ಪುಣ್ಯ.

೪

ಆ ಸ್ಥಳ ಹಂಪೆ. ವಿರೂಪಾಕ್ಷ ದೇವಾಲಯದ ಮುಂದೆ ಪೂರ್ವದ ಕಡೆಗೆ ಸುಮಾರು ಮುಕ್ಕಾಲು ಕಿಲೋಮೀಟರಿನಷ್ಟು ಉದ್ದವಾಗಿ ಹರಿದಿರುವ ರಥಬೀದಿಯ ಎರಡು ಪಕ್ಕಗಳಲ್ಲಿಯೂ ಕಲ್ಲಿನ ಮಂಟಪಗಳ ಸಾಲಿದೆ. ಕೃಷ್ಣದೇವರಾಯನು ೧೫೧೫ರಲ್ಲಿ ಪ್ರತಿಷ್ಠೆ ಮಾಡಿಸಿದ ಕೃಷ್ಣ ದೇವಾಲಯದ ಮುಂದೆ, ೧೫೩೪ರ ತಿರುವೆಂಗಳನಾಥ ದೇವಾಲಯದ ಮುಂದೆ, ವಿಠ್ಠಲ ದೇವಾಲಯದ ಮುಂದೆ ಇಂಥವೇ ಬೀದಿಗಳಿವೆ. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ದೊಮಿಂಗೊ ಪಾಯೆಸ್ ಅಲ್ಲಿನ ವಿಶಾಲವಾದ ಬೀದಿಗಳನ್ನೂ, ಸಾಲುಮನೆಗಳಲ್ಲಿ ವರ್ತಕರು ಮಾರುತ್ತಿದ್ದ ರತ್ನಗಳನ್ನೂ ಬಟ್ಟೆಗಳನ್ನೂ ಕಂಡು ಬರೆದಿಟ್ಟಿದ್ದಾನೆ.

ಈ ಮಂಟಪಗಳನ್ನು ನೋಡುವವರು ಸಾಮಾನ್ಯವಾಗಿ ಬೀದಿಯ ಉದ್ದಕ್ಕೆ ಬೆರಗಾಗುತ್ತಾರೆ. ನಾವು ಒಂದೇ ಅಂಕಣದ ಮುಂದೆ ನಿಂತು ನೋಡೋಣ. ಎತ್ತರವಾದ ಕಲ್ಲಿನ ಪೀಠ. ಅದರ ಮೇಲೆ ಅಲಂಕಾರ ಕಡಮೆಯಾದ ಕಂಬಗಳು. ಕಂಬದ ತಲೆಯ ಮೇಲೆ ಬೋದಿಗೆ. ಬೋದಿಗೆಯ ಮೇಲೆ ತೊಲೆ. ಮೇಲೆ ಚಪ್ಪಡಿಯ ಮುಚ್ಚಿಗೆ. ಬೀದಿಯ ಕಡೆಗೆ ಗೋಡೆಯಿಲ್ಲ. ಪೀಠದ ಮುಂದಿನ ಅಂಚು ಬಯಲಾಗಿದೆ. ದೇವಾಲಯದ ಮಂಟಪದ ವ್ಯಾಕರಣವನ್ನೇ ತೆಗೆದುಕೊಂಡು, ಅದರಿಂದ ಶಿಲ್ಪವನ್ನು ಕಳೆದು, ಅದನ್ನು ಬೀದಿಯ ಉದ್ದಕ್ಕೂ ಎಷ್ಟು ಬೇಕಾದರೂ ಮುಂದುವರಿಸಬಹುದಾದ ಒಂದು ಸಾಲನ್ನಾಗಿ ಶಿಲ್ಪಿಗಳು ಮಾಡಿದ್ದಾರೆ. ಇದರಲ್ಲಿ ಪ್ರತಿಯೊಂದು ಅಂಗಕ್ಕೂ ಹಳ್ಳಿಯ ಅಂಗಡಿಯಲ್ಲಿ ಹೋಲಿಕೆಯುಂಟು: ಪೀಠಕ್ಕೆ ಜಗುಲಿ, ಕಲ್ಲುಕಂಬಕ್ಕೆ ಮರದ ಕಂಬ, ಚಪ್ಪಡಿಗೆ ಮಾಳಿಗೆ ಇಲ್ಲವೆ ಹೆಂಚು. ಬೋದಿಗೆಗೆ ಮಾತ್ರ ಹೆಸರೂ ಬದಲಾಗಿಲ್ಲ, ಕೆಲಸವೂ ಬದಲಾಗಿಲ್ಲ. ಎತ್ತರದ ನೆಲ, ಕಂಬಗಳ ಸಾಲು, ಬೀದಿಗೆ ತೆರೆದ ಮುಖ, ಈ ಮೂರನ್ನು ಅಂಗಡಿಯ ಮೂಲಲಕ್ಷಣಗಳೆಂದು ನಾವು ಗ್ರಹಿಸಬಹುದು.

೫

ಇನ್ನು ಹಾಸನ ಸೀಮೆಯ ಹಳ್ಳಿಯ ಹಳೆಯ ಅಂಗಡಿಗೆ ಬರೋಣ. ಬೀದಿಯಿಂದ ಒಳಕ್ಕೆ ಹೋಗುವ ಕ್ರಮದಲ್ಲಿಯೇ ಅದನ್ನು ವಿವರಿಸುವುದು ಉಚಿತ.

ಮೊದಲು ಸಿಕ್ಕುವುದು ಜಗುಲಿ. ಇದರ ಎತ್ತರ ಮೊಳಕಾಲಿನಿಂದ ಸೊಂಟದವರೆಗೆ ಊರಿಂದೂರಿಗೆ ಬದಲಾಗುತ್ತದೆ. ಅಂಚಿಗೆ ಕಲ್ಲು ಕಟ್ಟಿ, ನಡುವೆ ಮಣ್ಣು ತುಂಬಿ ಬಡಿದು, ಸಗಣಿ ಸಾರಿಸಿದ ಇಲ್ಲವೆ ಚಪ್ಪಡಿ ಹಾಸಿದ ನೆಲ; ಮುಂದಿನ ಮುಖಕ್ಕೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ. ಈ ಎತ್ತರ ಅಲಂಕಾರಕ್ಕೆ ಇಟ್ಟದ್ದಲ್ಲ. ಮಳೆಗಾಲದಲ್ಲಿ ಬೀದಿಯ ನೀರು ಒಳನುಗ್ಗದಂತೆ ತಡೆಯುವುದು ಅದರ ಒಂದು ಕೆಲಸ. ಎತ್ತಿನ ಗಾಡಿಯ ಹಿಂಭಾಗವನ್ನು ಜಗುಲಿಗೆ ತಾಗಿಸಿ ನಿಲ್ಲಿಸಿದರೆ ಮೂಟೆಯನ್ನು ನೆಲಕ್ಕಿಳಿಸದೆಯೇ ಒಳಕ್ಕೆ ಸಾಗಿಸಬಹುದು, ಇದು ಎರಡನೆಯದು. ಮೂರನೆಯದು ಹೆಚ್ಚು ಸೂಕ್ಷ್ಮವಾದುದು. ಅಂಗಡಿಯವನು ಚಕ್ಕಳಮಕ್ಕಳ ಹಾಕಿಕೊಂಡು ನೆಲದ ಮೇಲೆ ಕುಳಿತಿರುತ್ತಾನೆ, ಕೊಳ್ಳುವವನು ಬೀದಿಯಲ್ಲಿ ನಿಂತಿರುತ್ತಾನೆ. ಜಗುಲಿಯ ಎತ್ತರದಿಂದಾಗಿ ಕುಳಿತವನ ಕಣ್ಣೂ ನಿಂತವನ ಕಣ್ಣೂ ಹೆಚ್ಚುಕಡಮೆ ಒಂದೇ ಮಟ್ಟಕ್ಕೆ ಬರುತ್ತವೆ. ದಿನವಿಡೀ ಕುಳಿತು ಮಾರುವವನೂ ನಿಂತು ಕೊಳ್ಳುವವನೂ ಮುಖಕ್ಕೆ ಮುಖ ಕೊಟ್ಟು ಮಾತಾಡುವಂತೆ ಮಾಡಿದ್ದು ಕಟ್ಟುಗಾರನ ಲೆಕ್ಕ.

ಜಗುಲಿಯ ಮೇಲೆ ಮುಂಬದಿಯಲ್ಲಿ ಕಂಬಗಳು. ಮರದ ಕಂಬದ ಬುಡ ತೇವಕ್ಕೆ ಕೊಳೆಯದಂತೆ ಅದನ್ನು ಅಡಿಗಲ್ಲಿನ ಮೇಲೆ ನಿಲ್ಲಿಸುತ್ತಾರೆ. ಮಾಡು ಕಂಬಗಳನ್ನೂ ದಾಟಿ ಬೀದಿಯ ಕಡೆಗೆ ಇಳಿಯುತ್ತದೆ. ಹೀಗೆ ಇಳಿದ ಮಾಡಿನ ಕೆಳಗೆ ದೊರೆಯುವ ನೆರಳು ಅಂಗಡಿಯವನ ಸ್ವತ್ತೋ ಬೀದಿಯ ಸ್ವತ್ತೋ ಎಂದು ಕೇಳಿದರೆ ಹೇಳುವುದು ಕಷ್ಟ. ಕೊಳ್ಳಲು ಬಂದವರು ಮಾತ್ರವೇ ಅಲ್ಲಿ ನಿಲ್ಲುವುದಿಲ್ಲ. ಬಸ್ಸಿಗೆ ಕಾಯುವವರು, ಮಳೆಗೆ ಸಿಕ್ಕಿದವರು, ಕಾಗದ ಓದಿಸಿಕೊಳ್ಳಲು ಬಂದವರು ಎಲ್ಲರೂ ಅಲ್ಲಿ ನಿಲ್ಲುತ್ತಾರೆ. ಹೊಯ್ಸಳ ದೇವಾಲಯದ ತೆರೆದ ಮಂಟಪದಲ್ಲಿ ಅಂಚಿನ ಉದ್ದಕ್ಕೂ ಕಕ್ಷಾಸನವೆಂಬ ಕಲ್ಲಿನ ಆಸನವಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಒಳಗೂ ಅಲ್ಲದ ಹೊರಗೂ ಅಲ್ಲದ ಎಡೆಯಲ್ಲಿ ಕುಳಿತುಕೊಳ್ಳಲು ಅವಕಾಶ ಕಲ್ಪಿಸುವುದು ಎರಡರ ಉದ್ದೇಶವೂ ಹೌದು. ಶಬ್ದಸಾಮ್ಯಗಳನ್ನು ಹಿಡಿದು ಒಂದು ಇನ್ನೊಂದರಿಂದ ಹುಟ್ಟಿತೆಂದು ವಾದಿಸುವುದು ನಮ್ಮ ಇಷ್ಟವಲ್ಲ. ಉಪಯೋಗದ ಸಾಮ್ಯವನ್ನಷ್ಟೇ ತೋರಿಸುತ್ತಿದ್ದೇವೆ.

ಜಗುಲಿಯನ್ನು ದಾಟಿದರೆ ಹಲಗೆಗಳ ಸಾಲು. ಅಂಗಡಿಯ ವಾಸ್ತುವಿನಲ್ಲಿ ಅತ್ಯಂತ ಸ್ವಂತಿಕೆಯುಳ್ಳ ಅಂಗ ಇದು. ಇಲ್ಲಿ ಸಾಧಾರಣ ಬಾಗಿಲಿಲ್ಲ. ಕಂಬದಿಂದ ಕಂಬದವರೆಗೆ ಹಾಯ್ದ ಹೊಸ್ತಿಲಿನಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆಯನ್ನು ಕೊರೆದಿರುತ್ತಾರೆ. ಅದಕ್ಕೆ ನೇರವಾಗಿ ಮೇಲಿನ ತೊಲೆಯಲ್ಲಿ ಇನ್ನೊಂದು ಕಾಲುವೆ. ಮೇಲಿನದು ಕೆಳಗಿನದಕ್ಕಿಂತ ಆಳ. ಹಲಗೆಯ ತಲೆಯನ್ನು ಮೊದಲು ಮೇಲಿನ ಕಾಲುವೆಗೆ ತೂರಿಸಿ, ಎತ್ತಿ, ಬುಡವನ್ನು ಕೆಳಗಿನ ಕಾಲುವೆಗೆ ಇಳಿಸಿದರೆ ಅದು ನಿಲ್ಲುತ್ತದೆ; ಮೇಲಿನ ಆಳ ಹೆಚ್ಚಾದ್ದರಿಂದ ಕೆಳಕ್ಕಿಳಿದ ಮೇಲೂ ತಲೆ ಹಿಡಿತದಲ್ಲಿಯೇ ಇರುತ್ತದೆ. ಒಂದಾದ ಮೇಲೊಂದರಂತೆ ಹಲಗೆಗಳನ್ನು ಸೇರಿಸುತ್ತ ಬಂದು, ಕೊನೆಗೆ ಎಲ್ಲಕ್ಕೂ ಅಡ್ಡವಾಗಿ ಕಬ್ಬಿಣದ ಪಟ್ಟಿಯನ್ನು ಹಾಯಿಸಿ ಬೀಗ ಹಾಕುತ್ತಾರೆ. ಕೈಯಿಂದ ಕೊಯ್ದ ಹಲಗೆಗಳು ಒಂದರಂತೆ ಒಂದು ಇರುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ಸ್ಥಾನ. ಆದ್ದರಿಂದ ಅವುಗಳ ಮೇಲೆ ಅಂಕಿಗಳನ್ನೋ ಗೀಟುಗಳನ್ನೋ ಕೆತ್ತಿರುತ್ತಾರೆ. ಕ್ರಮ ತಪ್ಪಿದರೆ ಅಂಗಡಿ ಮುಚ್ಚುವುದಿಲ್ಲ.

ಇದನ್ನು ಬಾಗಿಲೆನ್ನುವುದಕ್ಕಿಂತ ದಿನಕ್ಕೆರಡು ಬಾರಿ ಕಟ್ಟಿ ಬಿಚ್ಚುವ ಗೋಡೆಯೆನ್ನುವುದು ಸರಿ. ಇದರ ಗುಣ ಇನ್ನೊಂದಿದೆ. ತೆರೆದದ್ದು, ಮುಚ್ಚಿದ್ದು ಎಂಬ ಎರಡೇ ಸ್ಥಿತಿಗಳಿಗೆ ಇದು ಕಟ್ಟುಬಿದ್ದಿಲ್ಲ. ಬೆಳಗಿನ ಜಾವಕ್ಕೆ ಎರಡು ಹಲಗೆ ತೆಗೆದರೆ ಸಾಕು. ಹೊತ್ತೇರಿದ ಮೇಲೆ ಎಲ್ಲವೂ ಹೊರಗೆ. ಮಧ್ಯಾಹ್ನದ ಊಟಕ್ಕೆ ಎದ್ದಾಗ ಅರ್ಧ. ರಾತ್ರಿ ಯಾರಾದರೂ ಓಡಿಬಂದು ಕೂಸಿಗೆ ಓಮು ಬೇಕೆಂದರೆ ಒಂದೇ ಹಲಗೆ. ಮನೆಯಲ್ಲಿ ಸಾವಾಗಿದ್ದರೆ ಹಲಗೆಗಳು ಇಟ್ಟಂತೆಯೇ ಇರುತ್ತವೆ, ಬೀದಿಗೆ ಬೇರೆ ತಿಳಿಸಬೇಕಾಗಿಲ್ಲ. ಅಂಗಡಿಯ ಮುಖ ಊರಿನೊಡನೆ ಆಡುವ ಮಾತು ಈ ಹಲಗೆಗಳ ಎಣಿಕೆಯಲ್ಲಿದೆ.

ಹಲಗೆಯ ಸಾಲಿನ ಒಳಗೆ ಅಂಗಡಿಯವನ ಗಾದಿ, ಗಲ್ಲಾಪೆಟ್ಟಿಗೆ, ತೊಲೆಯಿಂದ ಇಳಿಬಿಟ್ಟ ತಕ್ಕಡಿ. ಪಾವು, ಸೇರು, ಬಳ್ಳ, ಕೊಳಗಗಳು ಕೈಗೆಟುಕುವಷ್ಟು ದೂರದಲ್ಲಿ. ಗೋಡೆಯ ಗೂಡಿನಲ್ಲಿ ದೀಪ, ಅದರ ಮೇಲೆ ಲಕ್ಷ್ಮಿಯ ಪಟ. ಅದರ ಹಿಂದೆ ಮೂಟೆಗಳನ್ನಿಡುವ ಒಳಕೋಣೆ, ತಲೆಯ ಮೇಲೆ ಅಟ್ಟ. ಪಕ್ಕದ ಗೋಡೆಗಳು ನೆರೆಮನೆಗಳಿಗೆ ಅಂಟಿಕೊಂಡಿರುವುದರಿಂದ ಕಿಟಕಿಗಳಿಗೆ ಎಡೆಯಿಲ್ಲ. ಬೆಳಕು ಬರುವುದು ಮುಂದಿನಿಂದ ಮಾತ್ರ. ಇದರಿಂದ ಅಂಗಡಿಯ ಒಳಗಿನ ವ್ಯವಸ್ಥೆ ಬೆಳಕನ್ನು ಅನುಸರಿಸಿಯೇ ಆಗುತ್ತದೆ. ಕೊಳ್ಳುವವನು ಕಣ್ಣಿಟ್ಟು ನೋಡಬೇಕಾದ ಅಕ್ಕಿ, ಬೇಳೆ, ಬೆಲ್ಲಗಳು ಮುಂದೆ, ನೋಡಬೇಕಾಗಿಲ್ಲದ ಉಪ್ಪು, ಎಣ್ಣೆ ಹಿಂದೆ. ತಕ್ಕಡಿ ಹಲಗೆಯ ಸಾಲಿನ ಸಮೀಪದಲ್ಲಿಯೇ ತೂಗುವುದಕ್ಕೂ ಇದೇ ಕಾರಣ: ಮುಳ್ಳು ನಡುವೆ ನಿಂತಿತೇ ಇಲ್ಲವೇ ಎಂಬುದನ್ನು ಬೀದಿಯ ಬೆಳಕಿನಲ್ಲಿ, ಬೀದಿಯಲ್ಲಿ ನಿಂತವರೂ ನೋಡಬಹುದು.

೬

ಹಲಗೆಗೋಡೆ ನಮ್ಮ ನಾಡಿಗೆ ಮಾತ್ರ ಸೇರಿದ್ದೆಂದು ಭಾವಿಸಬಾರದು. ಕ್ರಿ. ಶ. ೭೯ರಲ್ಲಿ ವಿಸೂವಿಯಸ್ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೇ ನಗರದ ಅಂಗಡಿಗಳ ಹೊಸ್ತಿಲ ಕಲ್ಲುಗಳಲ್ಲಿ ಇಂಥವೇ ಕಾಲುವೆಗಳಿವೆ. ಒಂದು ತುದಿಯಲ್ಲಿ ತಿರುಗುವ ಸಣ್ಣ ಬಾಗಿಲಿಗೆ ಗುಳಿಯೂ ಇದೆ. ಮರ ನಾಶವಾಗಿದ್ದರೂ ಅದು ಬೂದಿಯಲ್ಲಿ ಬಿಟ್ಟ ಟೊಳ್ಳಿಗೆ ಗಾರೆಯನ್ನು ಸುರಿದು ಹಲಗೆಗಳ ಅಚ್ಚನ್ನೇ ಅಲ್ಲಿನ ಸಂಶೋಧಕರು ತೆಗೆದಿದ್ದಾರೆ. ಹೊಸ್ತಿಲಿನ ಕಾಲುವೆಯೊಂದನ್ನೇ ನೋಡಿ ಇದು ಮನೆಯ ಬಾಗಿಲು, ಇದು ಅಂಗಡಿ ಎಂದು ಅವರು ವಿಂಗಡಿಸಬಲ್ಲರು.

ಎರಡು ದೇಶಗಳ ನಡುವೆ ಸಂಬಂಧವಿತ್ತೆಂದು ಹೇಳುವುದಕ್ಕಾಗಿ ಈ ಹೋಲಿಕೆಯನ್ನು ತಂದಿಲ್ಲ. ಒಂದೇ ಅಗತ್ಯ ಒಂದೇ ಬಗೆಯ ಉತ್ತರವನ್ನು ಹುಟ್ಟಿಸಬಲ್ಲದು. ನಾವು ಕಲಿಯಬೇಕಾದ್ದು ಅವರ ವಿಧಾನವನ್ನು. ನಮ್ಮ ಹಳೆಯ ಊರುಗಳಲ್ಲಿ ಕಟ್ಟಡ ಬಿದ್ದ ಮೇಲೂ ಕಲ್ಲಿನ ಹೊಸ್ತಿಲು ಎಷ್ಟೋ ವೇಳೆ ಉಳಿಯುತ್ತದೆ: ಮೆಟ್ಟಿಲಾಗಿಯೋ, ಬಟ್ಟೆ ಒಗೆಯುವ ಕಲ್ಲಾಗಿಯೋ, ಚರಂಡಿಯ ಮೇಲಿನ ಚಪ್ಪಡಿಯಾಗಿಯೋ. ಶಾಸನದ ಕಲ್ಲನ್ನು ಹುಡುಕುವ ಕಣ್ಣಿನಿಂದಲೇ ಕಾಲುವೆ ಕೊರೆದ ಹೊಸ್ತಿಲನ್ನೂ ಹುಡುಕಿದರೆ ಎಷ್ಟೋ ಊರುಗಳ ಹಳೆಯ ಅಂಗಡಿ ಬೀದಿ ಎಲ್ಲಿತ್ತೆಂಬುದನ್ನು ಗುರುತಿಸಬಹುದು.

೭

ಗುಣವನ್ನು ಹೇಳಿ ದೋಷವನ್ನು ಮುಚ್ಚಿಟ್ಟರೆ ವಿಮರ್ಶೆಯಾಗುವುದಿಲ್ಲ. ಹಳೆಯ ಅಂಗಡಿಯ ಒಳಕೋಣೆ ಕತ್ತಲೆ, ಗಾಳಿ ಕಡಮೆ, ಇಲಿ ಹೆಗ್ಗಣಗಳಿಗೆ ತೌರುಮನೆ. ಆದರೆ ಇವು ಸಣ್ಣ ದೋಷಗಳು. ದೊಡ್ಡ ದೋಷವಿರುವುದು ನಾವು ಈಗಷ್ಟೇ ಹೊಗಳಿದ ಜಗುಲಿಯಲ್ಲಿಯೇ.

ಕುಳಿತವನ ಕಣ್ಣೂ ನಿಂತವನ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತವೆಂದೆವು. ಎಲ್ಲರಿಗೂ ಹಾಗಾಗುತ್ತಿರಲಿಲ್ಲ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರು ಜಗುಲಿಯ ಅಂಚಿಗೂ ಬರುವಂತಿರಲಿಲ್ಲ. ಅವರು ಬೀದಿಯಲ್ಲಿ ದೂರ ನಿಂತು ಕೂಗಿ ಕೇಳಬೇಕು. ದುಡ್ಡನ್ನು ಇಟ್ಟು ಹಿಂದೆ ಸರಿಯಬೇಕು. ಸಾಮಾನನ್ನು ಮೇಲಿನಿಂದ ಸೆರಗಿಗೋ ಪಂಚೆಗೋ ಸುರಿಸಿಕೊಳ್ಳಬೇಕು. ಅದೇ ಜಗುಲಿ, ಅದೇ ಎತ್ತರ. ಒಬ್ಬನಿಗೆ ಸಮಾನತೆಯ ಮಟ್ಟವಾದದ್ದು ಇನ್ನೊಬ್ಬನಿಗೆ ಮೇಲುಕೀಳಿನ ಅಳತೆಗೋಲು. ತಕ್ಕಡಿಯ ಮುಳ್ಳು ಬೀದಿಯವರಿಗೆಲ್ಲ ಕಾಣುತ್ತಿತ್ತೆಂದೂ ಹೇಳಿದೆವು. ದೂರ ನಿಲ್ಲಿಸಲ್ಪಟ್ಟವನಿಗೆ ಅದು ಕಾಣುತ್ತಿರಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೫ನೆಯ ಅನುಚ್ಛೇದ, ಜಾತಿ ಮೊದಲಾದ ಕಾರಣಗಳಿಂದ ಯಾರಿಗೂ ಪ್ರವೇಶವನ್ನು ತಡೆಯಬಾರದ ಸ್ಥಳಗಳನ್ನು ಹೇಳುವಾಗ ಅಂಗಡಿಗಳನ್ನು ಹೆಸರಿಸಿಯೇ ಹೇಳಿದೆ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮ ಅದನ್ನು ತಡೆಯುವುದನ್ನು ಶಿಕ್ಷಾರ್ಹವೆಂದು ಸಾರಿತು. ರಾಷ್ಟ್ರದ ಮೂಲಶಾಸನವೇ ಅಂಗಡಿಯ ಹೆಸರನ್ನೆತ್ತಬೇಕಾಯಿತೆಂದರೆ, ಈ ಕೆಲವು ಅಡಿಗಳ ಜಗುಲಿಯ ಮೇಲೆ ಎಷ್ಟು ಭಾರವಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಆದ್ದರಿಂದ ಹಳೆಯ ಅಂಗಡಿಯನ್ನು ಗ್ರಾಮಜೀವನದ ಸೌಹಾರ್ದದ ಚಿತ್ರವಾಗಿ ಬರೆಯುವವರ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಹಾಗೆಂದು ಆ ಕಟ್ಟಡ ಹೋದರೆ ಹೋಗಲಿ ಎನ್ನುವವರ ಮಾತನ್ನೂ ಒಪ್ಪಲಾರೆವು. ಯಾರು ಎಲ್ಲಿಯವರೆಗೆ ಬರಬಹುದಾಗಿತ್ತು, ಎಲ್ಲಿ ನಿಲ್ಲಬೇಕಾಗಿತ್ತು ಎಂಬುದು ಅಂಗಡಿಯ ಲೆಕ್ಕದ ಪುಸ್ತಕಗಳಲ್ಲಿ ಬರೆದಿರುವುದಿಲ್ಲ. ಅದು ಬರೆದಿರುವುದು ಜಗುಲಿಯ ಅಂಚಿನಲ್ಲಿ, ಮೆಟ್ಟಿಲಿನ ಸ್ಥಾನದಲ್ಲಿ, ಬೀದಿಯ ಅಗಲದಲ್ಲಿ. ಅನ್ಯಾಯದ ಇತಿಹಾಸವನ್ನು ಬರೆಯುವವರಿಗೂ ಈ ದಾಖಲೆ ಬೇಕು.

೮

ಈ ರೂಪ ಬದಲಾಗದೆ ನಿಂತದ್ದೇನೂ ಅಲ್ಲ. ಬಾಸೆಲ್ ಮಿಷನ್ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟದ ಮೇಲಕ್ಕೂ ಹಬ್ಬಿ, ಕ್ರಮೇಣ ನಾಡಹೆಂಚಿನ ಎಡೆಯನ್ನು ಆಕ್ರಮಿಸಿತು. ಮಾಡಿನ ಇಳಿಜಾರು ಬದಲಾಯಿತು, ಅಡ್ಡೆಗಳ ನಡುವಿನ ದೂರ ಬದಲಾಯಿತು. ತೂಕ ಅಳತೆಗಳ ಪ್ರಮಾಣವನ್ನು ಗೊತ್ತುಪಡಿಸಿದ ೧೯೫೬ರ ಅಧಿನಿಯಮದ ಫಲವಾಗಿ ಮೆಟ್ರಿಕ್ ಪದ್ಧತಿ ೧೯೫೮ರಿಂದ ಹಂತಹಂತವಾಗಿ ಬಂದು ಸೇರು ಕೊಳಗಗಳನ್ನು ಅಟ್ಟಕ್ಕೇರಿಸಿತು. ಇವಾವುವೂ ಅಂಗಡಿಯ ಸ್ವರೂಪವನ್ನು ಕೆಡಿಸಲಿಲ್ಲ. ಮುಂಗಟ್ಟು ಇವನ್ನೆಲ್ಲ ಅರಗಿಸಿಕೊಂಡಿತು.

ಸ್ವರೂಪವನ್ನು ಕೆಡಿಸಿದವು ಎರಡು: ಉಕ್ಕಿನ ಷಟರು ಮತ್ತು ರಸ್ತೆಯ ಅಗಲೀಕರಣ. ಷಟರನ್ನು ಕುರಿತು ನ್ಯಾಯವಾಗಿ ಹೇಳುವುದಾದರೆ, ಅದೂ ಎತ್ತಿ ಇಳಿಸಬಹುದಾದ ಗೋಡೆಯೇ. ಒಬ್ಬನೇ ಕ್ಷಣದಲ್ಲಿ ತೆರೆಯಬಹುದು, ಕಳ್ಳರ ಭಯ ಕಡಮೆ, ಮುದುಕನಾದ ಅಂಗಡಿಯವನ ಬೆನ್ನಿಗೆ ಅದು ಉಪಕಾರಿ. ಹಲಗೆ ಹೋಗಿ ಷಟರು ಬಂದುದಕ್ಕೆ ಮರುಗಬೇಕಾಗಿಲ್ಲ. ಆದರೆ ಷಟರು ಬಂದ ಕಡೆ ಕಟ್ಟಡವನ್ನು ಬೀದಿಯ ಅಂಚಿಗೇ ತಂದು ನಿಲ್ಲಿಸುವ ಪದ್ಧತಿಯೂ ಬಂದಿತು. ಜಗುಲಿ ಒಳಕ್ಕೆ ಸೇರಿಹೋಯಿತು. ಅದರ ಮೇಲಿನ ನೆರಳು, ನಿಲ್ಲುವ ಎಡೆ, ಯಾರ ಸ್ವತ್ತೆಂದು ಹೇಳಲಾಗದಿದ್ದ ಆ ಕೆಲವು ಅಡಿ ಈಗ ಖಚಿತವಾಗಿ ಒಬ್ಬರ ಸ್ವತ್ತು.

ರಸ್ತೆಯ ಅಗಲೀಕರಣದ ಪರಿಣಾಮ ಇನ್ನೂ ನೇರವಾದುದು. ಶಾಂತಿಗ್ರಾಮದ ಪಕ್ಕದ ಹೆದ್ದಾರಿ ಇಂದು ನಾಲ್ಕು ಪಥಗಳದ್ದು. ಹ���ದ್ದಾರಿಯೂ ಬೇಕು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಾವುದೇ ಊರಿನಲ್ಲಿ ರಸ್ತೆ ಅಗಲವಾಗುವಾಗ ಕಟ್ಟಡದ ಯಾವ ಭಾಗ ಹೋಗುತ್ತದೆಂಬುದನ್ನು ಗಮನಿಸಬೇಕು. ದೇವಾಲಯದಲ್ಲಿ ಸಾರಭೂತವಾದ ಗರ್ಭಗೃಹ ಒಳಗಿದೆ; ಪ್ರಾಕಾರ ಬಿದ್ದರೂ ದೇವಾಲಯ ಉಳಿಯುತ್ತದೆ. ಅಂಗಡಿಯ ಸಾರವಿರುವುದು ಬೀದಿಯ ಅಂಚಿನಲ್ಲಿ. ಅಳತೆಯ ದಾರ ಹಿಡಿದವರು ಮುಂದಿನ ಹತ್ತು ಅಡಿ ಮಾತ್ರ ಎಂದು ಹೇಳಿ ತೆಗೆಯುವುದು ಜಗುಲಿಯನ್ನು, ಕಂಬಗಳನ್ನು, ಹೊಸ್ತಿಲನ್ನು, ಹಲಗೆಯ ಸಾಲನ್ನು; ಎಂದರೆ ಮುಂಗಟ್ಟನ್ನು. ಹಿಂದೆ ಉಳಿಯುವುದು ಅರ್ಧ ಕೊಯ್ದ ಒಂದು ಮನೆ. ಕಟ್ಟಡದ ಬಹುಭಾಗ ಉಳಿಯಿತೆಂದು ಕಡತದಲ್ಲಿ ಬರೆಯಬಹುದು. ಅಂಗಡಿ ಉಳಿಯಿತೆಂದು ಬರೆಯುವಂತಿಲ್ಲ.

೯

ಹಾಗಾದರೆ ಉಳಿಸುವ ಬಗೆ ಯಾವುದು? ನಮ್ಮ ನಾಡಿನಲ್ಲಿಯೇ ಎರಡು ಪ್ರಯೋಗಗಳು ನಡೆದಿವೆ. ಹಂಪೆಯ ವಿರೂಪಾಕ್ಷ ಬೀದಿಯ ಮಂಟಪಗಳಲ್ಲಿ ಗೋಡೆ ಕಟ್ಟಿಕೊಂಡು ವಾಸಿಸುತ್ತಿದ್ದ, ವ್ಯಾಪಾರ ಮಾಡುತ್ತಿದ್ದ ಕುಟುಂಬಗಳನ್ನು ೨೦೧೧ರಲ್ಲಿ ತೆರವುಗೊಳಿಸಲಾಯಿತು. ಹೊಸ ಇಟ್ಟಿಗೆಗಳ ಹಿಂದೆ ಅಡಗಿದ್ದ ಹಳೆಯ ಕಂಬಗಳು ಕಾಣುವಂತಾದವೆಂಬುದು ಸತ್ಯ. ಆದರೆ ಅಂಗಡಿಯಾಗಿ ಹುಟ್ಟಿದ ಕಟ್ಟಡದಿಂದ ಅಂಗಡಿಯನ್ನು ತೆಗೆದು ಅದನ್ನು ರಕ್ಷಿಸಿದೆವೆನ್ನುವುದು ಎಷ್ಟು ಸಮಂಜಸ? ಕಂಬಗಳಿಗೆ ಹಾನಿಯಾಗದಂತೆ ವ್ಯಾಪಾರವನ್ನು ನಡೆಸುವ ನಡುದಾರಿಯೊಂದಿತ್ತೆಂದೇ ನಮ್ಮ ನಂಬಿಕೆ.

ಎರಡನೆಯದು ಮಣಿಪಾಲದ ಹಸ್ತಶಿಲ್ಪ ಗ್ರಾಮ. ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಹಳೆಯ ಅಂಗಡಿಗಳ ಒಂದು ಬೀದಿಯೂ ಅಲ್ಲಿದೆ. ಅವರ ಶ್ರಮ ಇಲ್ಲದಿದ್ದರೆ ಎಷ್ಟೋ ಮರಗೆಲಸ ಸೌದೆಯಾಗಿ ಹೋಗುತ್ತಿತ್ತು. ಆದರೂ ಒಂದು ಮಿತಿಯನ್ನು ಹೇಳಲೇಬೇಕು. ಮನೆಯನ್ನು ಸ್ಥಳಾಂತರಿಸಿದರೆ ಅದರ ಬಹುಪಾಲು ಗುಣ ಅದರೊಡನೆ ಹೋಗುತ್ತದೆ. ಅಂಗಡಿಯ ಅರ್ಧ ಗುಣ ಬೀದಿಯದು, ಅದನ್ನು ಬಿಚ್ಚಿ ಒಯ್ಯುವಂತಿಲ್ಲ.

ಪ್ರಾಚೀನ ಸ್ಮಾರಕಗಳನ್ನು ಕುರಿತ ೧೯೫೮ರ ಕೇಂದ್ರ ಅಧಿನಿಯಮ ನೂರು ವರ್ಷಗಳಿಗೆ ಕಡಮೆಯಿಲ್ಲದೆ ನಿಂತಿರುವ, ಐತಿಹಾಸಿಕ ಮಹತ್ತ್ವವುಳ್ಳ ಕಟ್ಟಡಗಳನ್ನು ಸ್ಮಾರಕವೆಂದು ಗ್ರಹಿಸಲು ಅವಕಾಶ ಕೊಡುತ್ತದೆ. ವಯಸ್ಸಿನ ಮಾತನ್ನಷ್ಟೇ ಹೇಳಿದರೆ ಎಷ್ಟೋ ಗ್ರಾಮದ ಅಂಗಡಿಗಳು ಈ ಗಡಿಯನ್ನು ದಾಟಿವೆ. ಆದರೆ ಪ್ರತಿಯೊಂದು ಹಳೆಯ ಅಂಗಡಿಗೂ ಸ್ಮಾರಕದ ಫಲಕ ಹಾಕಬೇಕೆಂದು ನಾವು ಕೇಳುತ್ತಿಲ್ಲ. ಅಲ್ಲಿ ಬಾಳುವವರು ಮಾಡನ್ನು ಬದಲಾಯಿಸದಂತೆ, ಮಗನಿಗೆ ಒಂದು ಕೋಣೆ ಹಾಕಿಕೊಡದಂತೆ ತಡೆಯುವುದು ನ್ಯಾಯವಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಮಗೆಲ್ಲ ಸಂತೋಷದ ಸಂಗತಿ. ಆ ಬಗೆಯ ಗೌರವ ಅಂಗಡಿಗೆ ಬೇಕಾಗಿಲ್ಲ. ಅದಕ್ಕೆ ಬೇಕಾದ್ದು ಇನ್ನೂ ಚಿಕ್ಕದು, ನಮ್ಮ ಕೈಯಲ್ಲಿಯೇ ಇರುವುದು.

ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹಳ್ಳಿಗಳಿಂದಲೇ ಬಂದವರು. ಪ್ರತಿಯೊಬ್ಬರೂ ರಜಾದಿನಗಳಲ್ಲಿ ತಮ್ಮ ಊರಿನ ಒಂದು ಹಳೆಯ ಅಂಗಡಿಯನ್ನು, ಮನೆಯವರ ಒಪ್ಪಿಗೆ ಪಡೆದು, ಅಳೆದು ತರಲಿ. ಜಗುಲಿಯ ಎತ್ತರ, ಆಳ, ಮೆಟ್ಟಿಲಿನ ಸ್ಥಾನ. ಕಂಬಗಳ ಸಂಖ್ಯೆ, ಅವುಗಳ ನಡುವಣ ದೂರ. ಹೊಸ್ತಿಲಿನ ಕಾಲುವೆಯ ಅಗಲ. ಹಲಗೆಗಳ ಎಣಿಕೆ, ಅವುಗಳ ಮೇಲಿನ ಗುರುತು. ತಕ್ಕಡಿ ತೂಗುತ್ತಿದ್ದ ಕೊಂಡಿಯ ಜಾಗ. ಇದರ ಜೊತೆಗೆ ಊರಿನ ಹಿರಿಯರನ್ನು, ಎಲ್ಲ ಕೇರಿಗಳ ಹಿರಿಯರನ್ನೂ, ಒಂದು ಪ್ರಶ್ನೆ ಕೇಳಲಿ: ನೀವು ಎಲ್ಲಿ ನಿಂತು ಕೊಳ್ಳುತ್ತಿದ್ದಿರಿ? ಆ ಉತ್ತರಗಳನ್ನು ನಕ್ಷೆಯ ಮೇಲೆಯೇ ಗುರುತು ಮಾಡಲಿ. ಇದಕ್ಕೆ ಒಂದು ಅಳತೆಪಟ್ಟಿ, ಒಂದು ಪುಸ್ತಕ, ಎರಡು ದಿನಗಳ ಸಮಯ ಸಾಕು. ಹತ್ತು ಹನ್ನೆರಡು ವರ್ಷಗಳಲ್ಲಿ ಒಂದು ಜಿಲ್ಲೆಯ ಅಂಗಡಿಗಳ ಸಂಪುಟವೇ ಸಿದ್ಧವಾದೀತು.

ಮುಂದಿನ ಸಲ ಶಾಂತಿಗ್ರಾಮಕ್ಕೆ ಹೋದಾಗ ನಾವು ಗುಡಿಯನ್ನು ಬಿಟ್ಟು ಬರುವುದಿಲ್ಲ. ಆದರೆ ಬೀದಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ. ಯಾವುದಾದರೂ ಹೊಸ್ತಿಲಿನಲ್ಲಿ ಉದ್ದಕ್ಕೆ ಕೊರೆದ ಕಾಲುವೆ ಕಂಡರೆ, ಅದರ ಅಗಲವನ್ನು ಬರೆದುಕೊಂಡು ಆಮೇಲೆ ಗುಡಿಯ ಕಡೆಗೆ ನಡೆಯುತ್ತೇವೆ.